ಸ್ಟುಡಿಯೊ ಅಣ್ಣ ಆರಿಸಿಕೊಟ್ಟ ಕ್ಯಾಮೆರಾ

ಸ್ಟುಡಿಯೊ ಅಣ್ಣನ ಬಲಭುಜ ಎಡಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗಿತ್ತು. ವಿಡಿಯೊ ಕ್ಯಾಮೆರಾ ಅಂದರೆ ಹೆಗಲ ಮೇಲಿನ ಹೊರೆಯಾಗಿದ್ದ ಕಾಲದಲ್ಲಿ, ಮದುವೆ ಮನೆಗಳಲ್ಲಿ ಅದನ್ನು ಹೊತ್ತು ಹೊತ್ತು ಆದದ್ದು. ಅವರ ದರ್ಜಿ ಶರ್ಟಿನ ಬಲಗಡೆ ಒಳಗಿನಿಂದ ಒಂದು ಪದರ ಬಟ್ಟೆ ಹೆಚ್ಚಿಗೆ ಇಟ್ಟು ಹೊಲಿಯುತ್ತಿದ್ದ. ಆದರೂ ನಿಂತರೆ ಯಾರದೋ ಮಾತಿಗೆ ಕಿವಿಗೊಟ್ಟು ವಾಲಿದಂತೆ ಕಾಣುತ್ತಿದ್ದರು. ಹೊಸಬರು ಇವರು ತಮ್ಮ ಮಾತನ್ನೇ ಇಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾರೆ ಎಂದುಕೊಂಡು ಮನೆಯ ಗುಟ್ಟನ್ನೆಲ್ಲ ಹೇಳಿಬಿಡುತ್ತಿದ್ದರು.

ಕೊರಟಗೆರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರ ಸ್ಟುಡಿಯೊ. ಸಿರಾ, ಮಧುಗಿರಿ, ಪಾವಗಡ, ಎಲ್ಲಿ ಕರೆದರೂ ಮದುವೆಗೆ ಹೋಗುತ್ತಿದ್ದರು. ಪಾವಗಡದ ಕಡೆ ಮದುಮಗಳು ಮುಖ ಗಂಟಿಕ್ಕಿಕೊಂಡು ಕೂತಿದ್ದರೆ ‘ಕೊಂಚೆಂ ನವ್ವಮ್ಮಾ’, ಸ್ವಲ್ಪ ನಗಮ್ಮ, ಎನ್ನುವಷ್ಟು ತೆಲುಗು ಬರುತ್ತಿತ್ತು. ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಮದುವೆ ಮನೆಯ ಜಗಳ ವಿಡಿಯೊದಲ್ಲಿ ಉಳಿಯಬಾರದು. ಮದಲೂರಿನ ಒಂದು ಮದುವೆಯಲ್ಲಿ ಗಂಡಿನ ಸೋದರಮಾವನ ಎಲೆಗೆ ಹಪ್ಪಳ ಬೀಳಲಿಲ್ಲವೆಂದು ಬೀಗರು ಬೀಗರು ಕೈ ಕೈ ಮಿಲಾಯಿಸಿದರಂತೆ. ಅಣ್ಣ ಅದನ್ನು ಪೂರ್ತಿ ಕತ್ತರಿಸಿ, ಆ ಜಾಗಕ್ಕೆ ಹೂವಿನ ಚಪ್ಪರ ತೋರಿಸಿ ಕೊಟ್ಟಿದ್ದರು. “ಜಗಳ ಅವತ್ತಿಗೆ ಮುಗೀತು ಕಣಮ್ಮ. ವಿಡಿಯೋದಾಗೆ ಇಟ್ರೆ ನೋಡ್ದಾಗೆಲ್ಲ ಆಯ್ತದೆ” ಅನ್ನುತ್ತಿದ್ದರು.

ನಾನು ಕೊರಟಗೆರೆಗೂ ಮಧುಗಿರಿಗೂ ನಡುವಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹುಡುಗಿಯರಿಗೆ ಖೋಖೋ ಕಲಿಸುತ್ತೇನೆ. ಬಾಯಿ ಜೋರು, ಅದನ್ನು ಬೇರೆಯವರು ಹೇಳಬೇಕಾಗಿಲ್ಲ. ಆ ವರ್ಷ ತಂಡದಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು, ಕುರಿ ಕಾಯುವವರ ಮನೆಯವಳು. ಅವಳ ಓಟ ನೋಡಿದರೆ ಹೊಟ್ಟೆ ತುಂಬುತ್ತಿತ್ತು. ಆದರೆ ತಾಲ್ಲೂಕು ಪಂದ್ಯದಲ್ಲಿ ಅವಳು ಎದ್ದಾಗಲೆಲ್ಲ ಅಂಪೈರ್ ಸೀಟಿ ಊದಿದ. ಖೋ ಸಿಗುವ ಮೊದಲೇ ಎದ್ದಳೆಂದು ಫೌಲ್. ಹೇಗೋ ಒಂದು ಪಾಯಿಂಟಿನಲ್ಲಿ ಗೆದ್ದು ಮರ್ಯಾದೆ ಉಳಿಸಿಕೊಂಡೆವು. ಮುಂದಿನದು ಮಧುಗಿರಿಯಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುವವರು ಅಲ್ಲಿಗೆ ಬರುವವರಿದ್ದರು.

“ಮುಟ್ಟಿದ್ಮೇಲೇ ಎದ್ದೆ ಮಿಸ್” ಅಂದಳು ಹುಡುಗಿ.

“ಎದುರು ಮಾತಾಡ್ಬೇಡ. ಕಳ್ಳಿ, ಅವಸರದವಳು” ಎಂದು ಎಲ್ಲರ ಮುಂದೆ ಬೈದೆ. ಅವಳನ್ನು ತಂಡದಿಂದ ಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಅದಕ್ಕೆ ಮೊದಲು ಅವಳ ತಪ್ಪನ್ನು ಅವಳ ಕಣ್ಣಿಗೇ ತೋರಿಸಿ ಬಾಯಿ ಮುಚ್ಚಿಸಬೇಕು ಅನ್ನುವುದು ನನ್ನ ಹಟ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಿಸುತ್ತೇವೆ ಎಂದಿದ್ದರು. ವಿಡಿಯೊ ಕ್ಯಾಮೆರಾ ಕೊಡಿಸಿ ಎಂದೆ. ನನ್ನ ಫೋನಿನಲ್ಲಿ ಆಗಲೇ ಪ್ರಯತ್ನಿಸಿ ಸೋತಿದ್ದೆ. ಬಿಸಿಲಿಗೆ ಅದು ಕಾದು ಆರಿಹೋಗುತ್ತಿತ್ತು. ಆರದೆ ಉಳಿದ ದಿನ, ಆಟ ರಂಗೇರುವ ಹೊತ್ತಿಗೆ ಸರಿಯಾಗಿ ನಮ್ಮ ಅತ್ತೆ ಫೋನು ಮಾಡಿ ಹುಳಿಗೆ ಯಾವ ಬೇಳೆ ಹಾಕಲಿ ಎಂದು ಕೇಳುತ್ತಿದ್ದರು.

ಸ್ಟುಡಿಯೊ ಅಣ್ಣನ ಬಳಿ ಹೋಗಿದ್ದು ಆಗ. ಯಾವ ಕ್ಯಾಮೆರಾ ಕೊಳ್ಳಬೇಕೆಂದು ಕೇಳಿದೆ. “ಮೊದ್ಲು ನಂದ್ರಾಗೆ ಒಂದ್ಸಲ ತೆಗೀತೀನಿ, ಆಮ್ಯಾಕೆ ಹೇಳ್ತೀನಿ” ಎಂದು ಮರುದಿನವೇ ಮೈದಾನಕ್ಕೆ ಬಂದರು. ತೆಗೆದದ್ದನ್ನು ನೋಡಿ ನಾನು ತಲೆ ಚಚ್ಚಿಕೊಂಡೆ. ಮೊದಲಿಗೆ ಹೆಡ್‌ಮಾಸ್ಟರು ಕುರ್ಚಿಯಲ್ಲಿ ಕೂತದ್ದು, ಆಮೇಲೆ ಒಬ್ಬೊಬ್ಬ ಹುಡುಗಿಯ ಮುಖ. ಬೆವರು, ಮೂಗುಬೊಟ್ಟು, ಹಲ್ಲುಕಚ್ಚಿದ್ದು, ಎಲ್ಲ ಬಲು ಚೆಂದ. ಯಾರು ಎಲ್ಲಿ ಓಡಿದರು, ಯಾರು ಯಾವಾಗ ಎದ್ದರು ಅನ್ನುವುದು ಮಾತ್ರ ಇಲ್ಲ.

“ಏನಣ್ಣ ಇದು? ಕಾಲೇ ಇಲ್ವಲ್ಲ!”

“ಮದ್ವೆ ಮನೇಲಿ ಒಬ್ರ ಮುಖ ಬುಟ್ರೂ ಜಗಳಕ್ಕೆ ಬರ್ತಾರೆ ಮೇಡಮ್ಮೋರೇ. ಕಾಲು ತೆಗದ್ರಂತೂ ಒದೀತಾರೆ” ಎಂದು ನಕ್ಕರು. ನಗು ಮುಗಿದ ಮೇಲೆ ಅವರೇ ಮಂಕಾದರು. “ಇಷ್ಟು ವರ್ಷದ ಕಸುಬು. ಇನ್ನೊಂದು ತರ ನೋಡಕ್ಕೇ ಬರಲ್ಲ ಅಂತ ಇವತ್ತು ಗೊತ್ತಾಯ್ತು ನೋಡಿ” ಅಂದರು.

ಆ ವಯಸ್ಸಿನಲ್ಲಿ ಇನ್ನೊಬ್ಬರಾಗಿದ್ದರೆ ನಿಮ್ಮ ಸಹವಾಸವೇ ಬೇಡ ಎಂದು ಎದ್ದು ಹೋಗುತ್ತಿದ್ದರು. ಅಣ್ಣ ಮಾರನೆಯ ದಿನ ಕ್ಯಾಮೆರಾ ಇಲ್ಲದೆ ಬಂದರು. ಬೇವಿನ ಮರದ ಕೆಳಗೆ ಕೂತು ಬರೀ ನೋಡಿದರು. ಕೂತವರು ಎಂಟು ಮಂದಿ, ಅಟ್ಟಿಸುವವಳು ಒಬ್ಬಳು, ತಪ್ಪಿಸಿಕೊಳ್ಳುವವರು ಮೂವರು. ಹೀಗೆ ನಾಲ್ಕು ದಿನ ನೋಡಿದ ಮೇಲೆ ಇಬ್ಬರೂ ತುಮಕೂರಿನ ಬಸ್ಸು ಹತ್ತಿದೆವು.

ಅಂಗಡಿಯವನು ದೊಡ್ಡ ಮೂತಿಯ ಕ್ಯಾಮೆರಾ ತೋರಿಸಿ, ಬೆಟ್ಟದ ಮೇಲಿನ ಮೇಕೆಯ ಗಡ್ಡವೂ ಇದರಲ್ಲಿ ಕಾಣುತ್ತದೆ ಎಂದ. ನನಗೆ ಬಾಯಲ್ಲಿ ನೀರೂರಿತು. ಅಣ್ಣ ಅದನ್ನು ಬದಿಗೆ ಸರಿಸಿದರು. “ನಮ್ಗೆ ದೂರದ ಮೇಕೆ ಬ್ಯಾಡಪ್ಪ. ಹತ್ರ ಇರೋ ಅಷ್ಟೂ ಮಕ್ಳು ಒಂದೇ ಸಲಕ್ಕೆ ಕಾಣ್ಬೇಕು.” ಆಮೇಲೆ ಮೇಜಿನ ಫ್ಯಾನನ್ನು ಜೋರಾಗಿ ತಿರುಗಿಸಲು ಹೇಳಿ, ಒಂದೊಂದು ಕ್ಯಾಮೆರಾದಲ್ಲೂ ಅದನ್ನು ಹಿಡಿದು, ನಿಧಾನವಾಗಿ ಓಡಿಸಿ ನೋಡಿದರು. ಹೆಚ್ಚಿನವುಗಳಲ್ಲಿ ಫ್ಯಾನು ಕಲಸಿದ ಹಿಟ್ಟಿನಂತೆ ಕಂಡಿತು. ಒಂದು ಪುಟ್ಟ ಕ್ಯಾಮೆರಾದಲ್ಲಿ ಮಾತ್ರ ರೆಕ್ಕೆಗಳು ಬಿಡಿಬಿಡಿಯಾಗಿ, ಅಂಚಿನ ಧೂಳಿನ ಸಮೇತ ಕಂಡವು. ಅದನ್ನು ಹಿಡಿದುಕೊಂಡು ನಡುಮಧ್ಯಾಹ್ನದ ಬಿಸಿಲಿಗೆ ಹೋಗಿ ನಿಂತು, ಪರದೆ ಕಾಣುತ್ತದೋ ಇಲ್ಲವೋ ನೋಡಿ, ಹೆಚ್ಚಿಗೆ ಒಂದು ಬ್ಯಾಟರಿ ಕೇಳಿದರು. ಅಲ್ಲಿಗೆ ನಮ್ಮ ಆಯ್ಕೆ ಮುಗಿಯಿತು. ಇಷ್ಟು ಚಿಕ್ಕದಕ್ಕೆ ಇಬ್ಬರು ಬರಬೇಕಿತ್ತೇ ಎಂದು ದಾರಿಯುದ್ದಕ್ಕೂ ಗೊಣಗಿದೆ.

ಬಿಸಿಯೂಟದ ಅಡುಗೆಮನೆಯ ತಾರಸಿ ಅಂಕಣದ ಪಕ್ಕಕ್ಕೇ ಇತ್ತು. ಅಣ್ಣ ಏಣಿ ಹತ್ತಿ, ಅಲ್ಲಿ ಕ್ಯಾಮೆರಾ ನಿಲ್ಲಿಸಿ, ಅದನ್ನು ಅಲ್ಲಾಡಿಸದೆ ಪೂರ್ತಿ ಆಟ ಹಿಡಿದರು. ಸಂಜೆ ಸ್ಟುಡಿಯೊಗೆ ಬರಹೇಳಿದರು. “ನೀವೊಬ್ರೇ ಬನ್ನಿ” ಅಂದಿದ್ದರು.

ಕಂಪ್ಯೂಟರಿನಲ್ಲಿ ಆ ಹುಡುಗಿಯನ್ನು ದೊಡ್ಡದು ಮಾಡಿ ನಿಧಾನಕ್ಕೆ ಓಡಿಸಿದರು. ಅಟ್ಟಿಸುತ್ತಿದ್ದ ಕ್ಯಾಪ್ಟನ್ ಹಿಂದಿನಿಂದ ಬಂದಳು. ಕೈ ಬೆನ್ನಿಗೆ ತಾಗಿತು. ಹುಡುಗಿ ಎದ್ದಳು.

“ಸರಿಯಾಗೇ ಎದ್ದಿದ್ದಾಳಲ್ಲ” ಅಂದೆ, ನಂಬದೆ.

“ಈಗ ಕ್ಯಾಪ್ಟನ್ನಮ್ಮನ ಬಾಯಿ ನೋಡಿ.”

ಮುಖ ನೋಡಿಯೇ ಪಳಗಿದ ಕಣ್ಣು ಅವರದು. ಕೈ ತಾಗಿದಾಗ ಕ್ಯಾಪ್ಟನ್ನಿನ ಬಾಯಿ ಮುಚ್ಚಿತ್ತು. ಹುಡುಗಿ ಎದ್ದ ಮೇಲೆ ಅದು ‘ಖೋ’ ಎಂದು ತೆರೆಯಿತು. ಮುಟ್ಟುವುದೂ ಕೂಗುವುದೂ ಒಟ್ಟಿಗೇ ಆಗಬೇಕು ಅನ್ನುವುದು ನಿಯಮ. ತಾಲ್ಲೂಕು ಪಂದ್ಯದ ಅಂಪೈರ್ ಕೂಗಿಗೆ ಕಿವಿಗೊಟ್ಟಿದ್ದ. ಬೇರೆ ಹುಡುಗಿಯರು ಕೂಗು ಕೇಳಿದ ಮೇಲೆ ಏಳುತ್ತಿದ್ದರು, ಇವಳೊಬ್ಬಳು ಕೈ ತಾಗಿದ ಕೂಡಲೇ. ಕೂಗಿಗೆ ಮೊದಲೇ ಎದ್ದ ಹುಡುಗಿ ಅವನ ಪಾಲಿಗೆ ಕಳ್ಳಿ.

ಅಣ್ಣ ಅದನ್ನೇ ಮಾಮೂಲಿ ವೇಗದಲ್ಲಿ, ಸದ್ದಿನ ಸಮೇತ ಹಾಕಿದರು. ಅಂಕಣದ ಅಂಚಿನಿಂದ ನನ್ನದೇ ಗಂಟಲು ಕೇಳಿಸಿತು. “ಮೊದ್ಲು ಕೈ, ಆಮೇಲೆ ಬಾಯಿ ಕಣ್ರೇ! ಎಷ್ಟು ಸಲ ಹೇಳ್ಬೇಕು!” ನಾನು ಆಡುತ್ತಿದ್ದ ಕಾಲದಲ್ಲಿ ಒಂದು ಗಳಿಗೆ ಉಳಿಸಲು ಕಲಿತ ಚಾಲಾಕಿ ಅದು. ಮಕ್ಕಳಿಗೂ ಹೆಮ್ಮೆಯಿಂದ ಕಲಿಸಿದ್ದೆ.

ಅಣ್ಣ ನನ್ನ ಮುಖ ನೋಡಲಿಲ್ಲ. ಪರದೆ ನೋಡುತ್ತಲೇ ಮೆಲ್ಲಗೆ ಕೇಳಿದರು. “ಅಳಿಸ್ಬುಡ್ಲಾ ಮೇಡಮ್ಮೋರೇ? ನನ್ ಬಾಯಿಂದ ಯಾರಿಗೂ ಹೋಗಲ್ಲ.”

ಹೂಂ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳು ಹೇಳಲಾರೆ. ಹದಿನಾಲ್ಕು ವರ್ಷದ ಸರ್ವೀಸು, ಊರಿನಲ್ಲಿ ನನಗಿದ್ದ ಹೆಸರು, ಎಲ್ಲ ನೆನಪಾಯಿತು. ಅಣ್ಣ ಒಂದೇ ಮಾತು ಅಂದರು. “ಮದ್ವೆ ಮನೆ ಜಗಳ ಅಳಿಸಿದ್ರೆ ಯಾರಿಗೂ ನಷ್ಟ ಇಲ್ಲ ಕಣಮ್ಮ. ಇದನ್ನ ಅಳಿಸಿದ್ರೆ ಆ ಮಗೀಗೆ ಬೇರೆ ಸಾಕ್ಷಿ ಇಲ್ಲ.”

ಅಳಿಸಬೇಡಿ ಎಂದೆ. ಮರುದಿನ ಕ್ಲಾಸಿನಲ್ಲಿ ಎಲ್ಲ ಹುಡುಗಿಯರಿಗೂ ಅದನ್ನು ತೋರಿಸಿ, ತಪ್ಪು ನನ್ನದು ಎಂದು ಹೇಳಿದೆ. ಆ ಹುಡುಗಿ ನನ್ನನ್ನು ನೋಡಲಿಲ್ಲ, ಡೆಸ್ಕಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ದಿನದಿಂದ ಅದನ್ನು ಒಳಗೇ ಇಟ್ಟುಕೊಂಡಿತ್ತು ಆ ಮಗು. ಮಧುಗಿರಿಯಲ್ಲಿ ಸಿರಾದವರ ಎದುರು ನಾವು ಸೋತೆವು. ಹಳೆಯ ಚಾಳಿ ಅಷ್ಟು ಬೇಗ ಬಿಡಲಿಲ್ಲ. ಆದರೆ ಹಾಸ್ಟೆಲಿನವರು ಅವಳನ್ನು ಆರಿಸಿಕೊಂಡರು.

ಅಣ್ಣ ಹೋದ ವರ್ಷ ತೀರಿಕೊಂಡರು. ವಿಷಯ ತಿಳಿದು ಅವರ ಮನೆಗೆ ಹೋದೆ. ಅವರ ಹೆಂಡತಿಯ ಪಕ್ಕ ಚಾಪೆಯ ಮೇಲೆ ಕೂತು, ನಮ್ಮ ಶಾಲೆಯ ಕ್ಯಾಮೆರಾದ ಸಂಗತಿ ನಿಮಗೆ ಗೊತ್ತಿರಬೇಕಲ್ಲ ಎಂದೆ. ಅವರು ಗೊತ್ತಿಲ್ಲವೆಂದು ತಲೆಯಾಡಿಸಿದರು.

“ಮಿಸ್ಸಮ್ಮೋರು ಮಕ್ಳಿಗೆ ಚೆನ್ನಾಗಿ ಆಟ ಕಲಿಸ್ತಾರೆ ಅಂತಿದ್ರು. ಬ್ಯಾರೆ ಏನೂ ಹೇಳ್ಲಿಲ್ವಲ್ಲಮ್ಮ.”

ಅಲ್ಲಿ ನೆಂಟರಿಷ್ಟರೆಲ್ಲ ಕೂತಿದ್ದರು. ಎಲ್ಲರಿಗೂ ಕೇಳುವಂತೆ, ನಾನೇ ಮೊದಲಿನಿಂದ ಎಲ್ಲವನ್ನೂ ಹೇಳಿದೆ.