ದೆವ್ವಕ್ಕೆ ಮೂರು ಪ್ರಶ್ನೆ

ಶಾಲಾ ನಾಟಕಗಳ ತೀರ್ಪುಗಾರನಾಗಿ ನಾನು ಜಹೀರಾಬಾದಿನಲ್ಲಿ ಕೂತಿದ್ದೇನೆ, ನಾರಾಯಣಖೇಡದಲ್ಲಿ ಕೂತಿದ್ದೇನೆ. ತಾಂಡೂರಿನಲ್ಲೂ ಒಮ್ಮೆ ಕೂತೆ. ಅಲ್ಲಿ ಸೋತ ತಂಡದ ಊರವರು ನನ್ನನ್ನು ಸ್ಟೇಷನ್ನಿನ ತನಕ ತಾವೇ ಬಿಟ್ಟು ಬರುತ್ತೇವೆಂದು ವಿಪರೀತ ಒತ್ತಾಯ ಮಾಡಿದ್ದರಿಂದ ಹಿಂದಿನ ಬಾಗಿಲಿನಿಂದ ಹೊರಟು ಬಂದೆ. ಹೀಗೆ ರಾಜರನ್ನು, ಋಷಿಗಳನ್ನು, ಮಾತಿನ ನಡುವೆ ಮೀಸೆ ಉದುರಿಸಿಕೊಂಡ ಸೇನಾಪತಿಗಳನ್ನು ನ್ಯಾಯವಾಗಿ ತೂಗಿ ನಿವೃತ್ತನಾದ ಮೇಲೆ, ಜಪಾನಿನ ದೆವ್ವಗಳ ವಿಷಯದಲ್ಲಿ ತೀರ್ಪು ಕೊಡುವ ಭಾರ ಈ ತಲೆಯ ಮೇಲೆ ಬೀಳಬಹುದೆಂದು ನಾನು ಎಣಿಸಿರಲಿಲ್ಲ.

ಭಾರ ಹೊರಿಸಿದವಳು ನಾನು ಕನ್ನಡ ಕಲಿಸಿದ ಶಾಲೆಯ ಈಗಿನ ಮುಖ್ಯೋಪಾಧ್ಯಾಯಿನಿ. ನನ್ನ ಹಳೆಯ ವಿದ್ಯಾರ್ಥಿನಿ. ಆಗ ನಾನು ಕೊಟ್ಟ ಹೋಂವರ್ಕಿಗೆಲ್ಲ ಈಗ ಕಂತಿನ ಮೇಲೆ ಸೇಡು ತೀರಿಸಿಕೊಳ್ಳುತ್ತಾಳೆ.

“ಸರ್ರಿ, ಒಂಬತ್ತನೇ ಕ್ಲಾಸಿನ ಹುಡುಗ್ಯಾರು ಸಾಲಿ ವರ್ಷದ ಗ್ಯಾದರಿಂಗಿಗೆ ಒಂದು ಜಪಾನಿ ಕಾರ್ಟೂನು ನಾಟಕ ಮಾಡ್ತೀವಿ ಅನ್ಲತ್ತಾರ. ಹೈಸ್ಕೂಲಿನ್ಯಾಗ ದೆವ್ವ ಅವಂತ, ಹೊಡೆದಾಟ ಅದಂತ. ನಮ್ಮ ಸ್ಟಾಫಿನ್ಯಾಗ ಅರ್ಧ ಮಂದಿ ಬ್ಯಾಡ ಅಂತಾರ. ನೀವೊಮ್ಮೆ ನೋಡಿ ಹೇಳ್ರಿ. ನೀವು ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ.”

“ಅವ್ವಾ, ಆ ಗುಂಪಿನ ಮುಂದಾಳು ನನ್ನ ಮೊಮ್ಮಗಳೇ ಇದ್ದಾಳ. ನಾ ತೀರ್ಪು ಕೊಟ್ರ ನ್ಯಾಯ ಆಗ್ತದೇನು?”

“ಅದಕ್ಕೇ ನಿಮಗ ಹೇಳ್ಲತ್ತೀನ್ರಿ. ಊಹೂಂ ಅಂದ್ರ ಮನ್ಯಾಗ ಅಳ್ತಾಳ. ಸಾಲ್ಯಾಗ ಅಳೂದು ಬ್ಯಾಡ.”

ಅಳುವುದಕ್ಕೆ ಕಾರಣವಿತ್ತು. ನಾವಿರುವುದು ನ್ಯಾಲ್ಕಲ್ ಕಡೆಯ ಹಳ್ಳಿಯಲ್ಲಿ. ಮೊಮ್ಮಗಳು ಅಲ್ಲಿಂದ ದಿನಾ ಆಟೊ ಹಿಡಿದು ಜಹೀರಾಬಾದಿನ ಶಾಲೆಗೆ ಹೋಗುತ್ತಾಳೆ. ಒಂದನೆಯ ತರಗತಿಯಿಂದ ಇಲ್ಲಿಯವರೆಗೆ ಆ ಶಾಲೆಯ ರಂಗದ ಮೇಲೆ ಅವಳು ಮರವಾಗಿದ್ದಾಳೆ, ನವಿಲಿನ ಹಿಂಭಾಗವಾಗಿದ್ದಾಳೆ, ಎರಡು ಸಲ ಪ್ರಜೆಗಳಾಗಿದ್ದಾಳೆ. ಈ ಸಲ ನಾಯಕಿ. ಕಾರ್ಟೂನಿನ ನಾಯಕಿ ತರಗತಿಯ ಮಾನಿಟರು. ಕೈಯಲ್ಲಿ ಕರಿಹಲಗೆಯ ಡಸ್ಟರು ಹಿಡಿದು ದೆವ್ವಗಳನ್ನು ಹೊಡೆಯುತ್ತಾಳೆ. ಕೊನೆಗೆ ಸಾಲಾಗಿಟ್ಟ ಮೂರು ಬೆಂಚುಗಳ ಮೇಲೆ ಓಡಿ, ಗಾಳಿಯಲ್ಲಿ ಹಾರಿ, ದೆವ್ವದ ನೆತ್ತಿಗೆ ಏಟು ಹಾಕಬೇಕು. ಆ ಜಿಗಿತಕ್ಕಾಗಿ ಅವಳು ಒಂದು ತಿಂಗಳಿಂದ ನಮ್ಮ ಅಂಗಳದಲ್ಲಿ ಹೊರಸುಮಂಚಗಳನ್ನು ಜೋಡಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಎರಡೂ ಮೊಣಕಾಲು ತರಚಿಹೋಗಿ, ಅವಳ ಆಯಿ, ಅಂದರೆ ನನ್ನ ಹೆಂಡತಿ, ಅರಿಶಿನ ಹಚ್ಚಿ ಹಚ್ಚಿ ಬೇಸತ್ತಿದ್ದಳು.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ನ್ಯಾಯಪೀಠ ಕೂಡಿತು. ಸ್ಟೂಲಿನ ಮೇಲೆ ತಂಬಿಗೆ, ತಂಬಿಗೆಗೆ ಒರಗಿಸಿದ ನನ್ನ ಫೋನು, ಎದುರಿಗೆ ನಾನು. ಹಳೆಯ ಪದ್ಧತಿಯಂತೆ ಕಾಗದದ ಮೇಲೆ ಗೆರೆ ಹೊಡೆದು ನಾಲ್ಕು ಅಂಕಣ ಮಾಡಿಕೊಂಡೆ: ಉಚ್ಚಾರ, ವೇಷಭೂಷಣ, ಶಿಸ್ತು, ನೀತಿ. ಮಾತು ಹಿಂದಿಯಲ್ಲಿ ಹಾಕಿದ್ದರು. ಬಾಯಿ ಜಪಾನಿಯಲ್ಲಿ ಮುಚ್ಚಿದ ಮೇಲೂ ಹಿಂದಿ ಸ್ವಲ್ಪ ಹೊತ್ತು ಹೊರಗೆ ಬರುತ್ತಿತ್ತು. ಉಚ್ಚಾರದ ಅಂಕಣಕ್ಕೆ ಅಡ್ಡಗೆರೆ ಎಳೆದೆ.

ಕಂತು ಒಂದಕ್ಕೆ ಆರು ನಿಮಿಷ. ಅದರಲ್ಲಿ ಮೊದಲು ಒಂದು ಹಾಡು, ಕೊನೆಗೆ ಒಂದು ಹಾಡು. ನಡುವೆ ಉಳಿದ ನಾಲ್ಕು ನಿಮಿಷದಲ್ಲಿ ದೆವ್ವ ಬರಬೇಕು, ಹೆದರಿಸಬೇಕು, ಒದೆ ತಿನ್ನಬೇಕು, ಹೋಗಬೇಕು. ಇಷ್ಟರ ಮಧ್ಯೆ ಮಕ್ಕಳು ಊಟದ ಡಬ್ಬಿಯನ್ನೂ ಬಿಚ್ಚುತ್ತಾರೆ. ನಮ್ಮ ಕಡೆ ಬೀಗರು ಬಂದರೆ ಅಂಗಳದಲ್ಲಿ ಚಪ್ಪಲಿ ಬಿಡುವುದಕ್ಕೇ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಎರಡನೆಯ ಕಂತಿನ ದೆವ್ವ ಮುಗಿದೇ ಹೋಗಿತ್ತು.

“ಇದು ಯಾಕ ಬಂದಿತ್ತು?” ಎಂದು ಕೇಳಿದೆ.

“ದೆವ್ವ ಅದು ಮುತ್ಯಾ. ಬರ್ತದ.”

“ಬಂದದ್ದು ಸರಿ. ಯಾಕ?”

“ಸುಮ್ನ ನೋಡು ಮುತ್ಯಾ. ನೀ ಕೇಳ್ತಾ ಕೂತ್ರ ಮುಂದಿಂದು ಹೋಗ್ತದ.”

ಶಿಸ್ತಿನ ವಿಷಯ ಹೇಳದಿರುವುದೇ ಲೇಸು. ಅಷ್ಟು ದೊಡ್ಡ ಹೈಸ್ಕೂಲು, ಎಂಟು ಕಂತು ಮುಗಿಯುವವರೆಗೂ ಒಬ್ಬ ಮಾಸ್ತರು ಕಣ್ಣಿಗೆ ಬೀಳಲಿಲ್ಲ. ಮಕ್ಕಳಿಗೆ ದೆವ್ವ ಕಂಡವು, ಮಾಸ್ತರರು ಕಾಣಲಿಲ್ಲ. ಪ್ರತಿ ಕಂತಿನಲ್ಲಿ ಮಾಳಿಗೆ ಒಡೆಯುತ್ತದೆ, ಮುಂದಿನ ಕಂತಿನಲ್ಲಿ ಮಾಳಿಗೆ ಇರುತ್ತದೆ. ಒಂದು ಕಿಟಕಿಯ ಗಾಜಿಗಾಗಿ ಮೂರು ವರ್ಷ ಅರ್ಜಿ ಬರೆದ ನನ್ನಂಥವನು ಇದನ್ನು ಹೇಗೆ ಸಹಿಸಬೇಕು? ಒಂದು ಕಡೆ ಮಾತ್ರ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮೂರನೆಯ ಕಂತಿನಲ್ಲಿ ಗ್ರಂಥಾಲಯದ ದೆವ್ವವೊಂದು ಗದ್ದಲ ಮಾಡಿದವರನ್ನು ನುಂಗುತ್ತದೆ. ಮಾನಿಟರು ಅದನ್ನು ಸದ್ದಾಗದಂತೆ, ಪಿಸುಮಾತಿನಲ್ಲಿ ಬಯ್ಯುತ್ತ ಬಡಿಯುತ್ತಾಳೆ. ನಕ್ಕದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡೆ.

ನಾಲ್ಕನೆಯ ಕಂತು ಬಂತು. ಹುಡುಗಿಯರು ಆಡಲು ಆರಿಸಿದ್ದು ಅದನ್ನೇ. ಕೊನೆಯ ಬೆಂಚಿನಲ್ಲಿ ಒಂದು ಹುಡುಗಿ ದೆವ್ವ. ಬೆಳಿಗ್ಗೆ ಮಾನಿಟರು ಹಾಜರಿ ಕೂಗುವಾಗ ಪ್ರತಿ ಹೆಸರಿಗೂ ಅರ್ಧ ಏಳುತ್ತದೆ, ತನ್ನದಲ್ಲವೆಂದು ತಿಳಿದು ಕೂಡುತ್ತದೆ. ಕೊನೆಯ ಹೆಸರೂ ಮುಗಿದು ರಿಜಿಸ್ಟರು ಮುಚ್ಚಿದಾಗ ಅದರ ಮುಖ ತೋರಿಸಿದರು. ನಾನು ಮುಂದಕ್ಕೆ ಸರಿದು ಕೂತೆ. ಮೂವತ್ತು ವರ್ಷ ಹಾಜರಿ ಕೂಗಿದವನು ನಾನು. ವರ್ಗವಾಗಿ ಬಂದ ಮಗು, ಹೆಸರು ಇನ್ನೂ ಏರದ ಮಗು, ಹಾಗೆ ಅರ್ಧ ಎದ್ದು ಕೂತದ್ದನ್ನು ಕಂಡಿದ್ದೇನೆ. ಇಗೋ, ಈ ಜಪಾನಿನವರಿಗೆ ಏನೋ ಗೊತ್ತಿದೆ ಎಂದುಕೊಂಡೆ. ಅಷ್ಟರಲ್ಲಿ ಮಾನಿಟರು ಮೂರು ಬೆಂಚು ಹಾರಿ ಬಂದು ನೆತ್ತಿಗೆ ಹಾಕಿದಳು. ಸೀಮೆಸುಣ್ಣದ ಧೂಳು ಎದ್ದಿತು, ಯಾರೋ ಸೀನಿದರು, ಎಲ್ಲರೂ ನಕ್ಕರು, ಹಾಡು ಶುರುವಾಯಿತು.

“ಏ, ಕೇಳಬೇಕಲ್ಲ ಮೊದಲು!” ಎಂದು ನಾನು ತಂಬಿಗೆಯನ್ನು ಗದರಿಸಿದೆ. ಒಳಗಿನಿಂದ ಹೆಂಡತಿ ಇಣುಕಿ ನೋಡಿ ಹೋದಳು.

ನನ್ನ ಸಿಟ್ಟಿಗೆ ಬುಡವಿತ್ತು. ನಮ್ಮ ಅಜ್ಜಿಯ ಹತ್ತಿರ ಸುತ್ತಲಿನ ಹಳ್ಳಿಯವರು ಗಾಳಿ ಬಡಿದ ಹೆಣ್ಣುಮಕ್ಕಳನ್ನು ಕರೆತರುತ್ತಿದ್ದರು. ಅಜ್ಜಿ ಬೇವಿನ ಸೊಪ್ಪು ಮುಟ್ಟುವ ಮುನ್ನ ಮೂರು ಪ್ರಶ್ನೆ ಕೇಳುತ್ತಿದ್ದಳು. ಯಾವೂರಾಕಿ? ಯಾರ ಮನ್ಯಾಕಿ? ಏನ್ ಬೇಕು? ಉತ್ತರ ಬರುವ ತನಕ ಯಾರೂ ಕೈ ಎತ್ತುವಂತಿರಲಿಲ್ಲ. ಬಹುಪಾಲು ದೆವ್ವಗಳು ದೂರದ ನೆಂಟರೇ ಆಗಿರುತ್ತಿದ್ದವು. ಕೇಳುತ್ತಿದ್ದದ್ದೂ ದೊಡ್ಡದಲ್ಲ: ಬಿಸಿ ರೊಟ್ಟಿ, ಪುಂಡಿಪಲ್ಲೆ, ಹಸಿರು ಕುಪ್ಪಸ. ಕೊಟ್ಟರೆ ಹೋಗುತ್ತಿದ್ದವು. ನಂಬುವುದು ಬಿಡುವುದು ಬೇರೆ ಮಾತು. ನಾನು ವಿಜ್ಞಾನ ಸಂಘದ ಕಾರ್ಯದರ್ಶಿಯಾಗಿದ್ದವನು. ಆದರೆ ಕೇಳದೆ ಹೊಡೆಯುವುದು ಯಾವ ಸೀಮೆಯ ಪದ್ಧತಿ?

ಮಧ್ಯಾಹ್ನ ತೀರ್ಪು ಹೊರಬಿತ್ತು. ಕಾರ್ಟೂನು ಅವಸರದ್ದು, ಕೈಗೆ ಬಂದ ಒಂದೇ ಒಳ್ಳೆಯ ಪಾತ್ರವನ್ನು ಡಸ್ಟರಿನಿಂದ ಒರೆಸಿಹಾಕಿದ್ದು. ನಾಟಕಕ್ಕೆ ಅನುಮತಿ ಉಂಟು. ಷರತ್ತು, ಹೊಡೆಯುವ ಮುನ್ನ ದೆವ್ವಕ್ಕೆ ಮೂರು ಪ್ರಶ್ನೆ ಕೇಳತಕ್ಕದ್ದು.

“ಮುತ್ಯಾ! ಅದು ಫೈಟಿಂಗ್ ಅದ, ಪಂಚಾಯ್ತಿ ಅಲ್ಲ.”

“ಪಂಚಾಯ್ತಿ ಆದ ಮ್ಯಾಲೂ ಫೈಟಿಂಗ್ ಆಗ್ತದ. ನಮ್ಮೂರಾಗ ನೋಡಿಲ್ಲೇನು?”

“ಒಂದು ಪ್ರಶ್ನೆ ಕೇಳ್ತೀನಿ.”

“ಮೂರು.”

“ನಮಗ ಕೊಟ್ಟಿದ್ದೇ ಎಂಟು ನಿಮಿಷ.”

“ಮೂರು ಪ್ರಶ್ನಿಗೆ ಅರ್ಧ ನಿಮಿಷ ಸಾಕು. ಇಲ್ಲಂದ್ರ ಊಹೂಂ ಅಂತ ಫೋನ್ ಮಾಡ್ತೀನಿ.”

ಅವಳು ಒಪ್ಪಿದಳು. ಬೇರೆ ದಾರಿ ಇರಲಿಲ್ಲ. ಅದು ನ್ಯಾಯವೋ ಜುಲುಮೆಯೋ ಎಂದು ಆಗ ನನಗೆ ಹೊಳೆಯಲಿಲ್ಲ. ಕೂತ ಪೀಠದಿಂದ ಅದು ಕಾಣುವುದಿಲ್ಲ.

ದೆವ್ವದ ಪಾತ್ರಕ್ಕೆ ಹುಡುಗಿಯರು ಕುರಿ ಸಾಕುವ ಮನೆಯ ಒಬ್ಬಳನ್ನು ಆರಿಸಿದ್ದರು. ತರಗತಿಯಲ್ಲಿ ಬಾಯಿ ಬಿಡದವಳು. ಮಾತಿಲ್ಲದ ಪಾತ್ರವೆಂದೇ ಅವಳಿಗೆ ಕೊಟ್ಟಿದ್ದು. ಈಗ ನನ್ನ ದಯೆಯಿಂದ ಅವಳ ಪಾಲಿಗೆ ಮೂರು ಉತ್ತರ ಬಂದವು. ತಾಲೀಮಿನಲ್ಲಿ ಮೂರನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ ತಲೆ ತಗ್ಗಿಸುತ್ತಿದ್ದಳಂತೆ. ಅರ್ಧ ನಿಮಿಷವೂ ಹಿಡಿಯಲಿಲ್ಲ ಎಂದು ಮೊಮ್ಮಗಳು ಬಂದು ವರದಿ ಮಾಡಿದಳು.

ಗ್ಯಾದರಿಂಗಿನ ಸಂಜೆ ಶಾಮಿಯಾನದ ಕೆಳಗೆ ತಾಯಂದಿರು, ಅಜ್ಜಿಯರು ತುಂಬಿ ಕೂತಿದ್ದರು. ನನಗೆ ಮುಂದಿನ ಸಾಲಿನ ಕುರ್ಚಿ. ಕಾಲಮಾಪನಕ್ಕೆ ಗಣಿತದ ಮಾಸ್ತರರು ಗಂಟೆ ಹಿಡಿದು ನಿಂತಿದ್ದರು. ಹಾಜರಿ ಕೂಗಿದ್ದಾಯಿತು, ದೆವ್ವ ಅರ್ಧ ಅರ್ಧ ಎದ್ದು ಕೂತಿತು. ಮೊಮ್ಮಗಳು ಡಸ್ಟರು ಎತ್ತಿ ಗಟ್ಟಿಯಾಗಿ ಕೇಳಿದಳು: “ಯಾವೂರಾಕಿ ನೀ?”

ದೆವ್ವ ತಾಲೀಮಿನ ಉತ್ತರ ಹೇಳಲಿಲ್ಲ. ಎದುರಿನ ಜನವನ್ನು ನೋಡಿತು.

“ಒಂದೂರು ಅಂತ ಇಲ್ರಿ. ಕುರಿ ಎಲ್ಲಿ ಹೋದ್ರ ಅಲ್ಲಿ.”

“ಯಾರ ಮನ್ಯಾಕಿ?”

“ಮನಿ ಅದರಿ, ಕೀಲಿ ಹಾಕ್ಯದ. ನಾ ಸಾಲಿಗೆ ಬರೂದ್ರಾಗ ಹೆಸರು ಕೂಗಿ ಆಗಿರ್ತದ. ನಾ ಬಂದೀನಿ ಅಂತ ಹೇಳಾಕ ಹೆದ್ರಿಕಿ.”

ಹಿಂದಿನಿಂದ ಒಬ್ಬ ಹೆಣ್ಣುಮಗಳು ಕೂಗಿದಳು: “ಯವ್ವಾ, ಉಂಡಿಯೇನ?”

ದೆವ್ವ ಅತ್ತ ತಿರುಗಿ ಉತ್ತರ ಕೊಟ್ಟಿತು. ಮುಂಜಾನೆ ಎಷ್ಟಕ್ಕೆ ಏಳುತ್ತದೆ, ಮರಿಗಳಿಗೆ ಏನು ಹೆಸರಿಟ್ಟಿದೆ, ಯಾವ ಮರಿ ಯಾವ ಪಾಠಕ್ಕೆ ಕಿವಿ ನಿಮಿರಿಸುತ್ತದೆ, ಎಲ್ಲ. ತಾಯಂದಿರು ನಗುತ್ತಿದ್ದರು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದರು. ಇನ್ನೊಬ್ಬಾಕೆ “ಏನ್ ಬೇಕು ಕೇಳವ್ವ, ಕೊಟ್ಟು ಕಳಸಮು” ಎಂದಳು. ಅದು ನಾಯಕಿಯ ಮಾತು. ನಾಯಕಿ ಡಸ್ಟರು ಎತ್ತಿದ ಕೈ ಇಳಿಸದೆ ನಿಂತಿದ್ದಳು. ಬೇಕಾದದ್ದರ ಪಟ್ಟಿ ಇನ್ನೂ ನಡುವಿನಲ್ಲಿತ್ತು, ಗಣಿತದ ಮಾಸ್ತರರು ಗಂಟೆ ಹೊಡೆದರು. ಪರದೆ ಎಳೆದರು. ಮೂರು ಬೆಂಚುಗಳು ಯಾರೂ ಹತ್ತದೆ ಹಾಗೆಯೇ ಇದ್ದವು.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಮುಖ್ಯೋಪಾಧ್ಯಾಯಿನಿ ಕೈ ಜೋಡಿಸಿಕೊಂಡೇ ಬಂದಳು.

“ಸರ್ರಿ, ಏನ್ ಚಂದ ತಿದ್ದೀರಿ! ಹೊಡೆದಾಟನ ತೆಗೆದು ಹಾಕೀರಲ್ಲ!”

“ನಾ ತೆಗೀಲಿಲ್ಲವ್ವಾ. ಆ ಹುಡುಗಿ ತಿಂಗಳಗಟ್ಲೆ ಹಾರೂದು ಕಲ್ತಾಳ. ಇನ್ನೆರಡು ನಿಮಿಷ ಕೊಡು.”

“ಮುಂದ ಲೇಜಿಮ್ ಅದರಿ, ಆಮ್ಯಾಲ ಬಹುಮಾನ. ಪಾಲಕರಿಗೆ ಆಟೊ ಸಿಗಂಗಿಲ್ಲ. ಅಲ್ರಿ, ಇಷ್ಟು ಚಂದ ಆದ ಮ್ಯಾಲ ಮತ್ಯಾಕ್ರಿ ಹಾರೂದು?”

ಹೊಗಳಿಕೆ ಇಷ್ಟು ಕಹಿಯಾಗಿರಬಹುದೆಂದು ಗೊತ್ತಿರಲಿಲ್ಲ. ವಾದಿಸುತ್ತಿದ್ದಂತೆಯೇ ಪರದೆಯ ಹಿಂದೆ ಬೆಂಚುಗಳನ್ನು ಎತ್ತಿಕೊಂಡು ಹೋದರು. ಆರೋ ಎಂಟೋ ನಿಮಿಷದ ಮನೆಯಲ್ಲಿ ಅತಿಥಿಗೆ ಮಣೆ ಹಾಕಿದರೆ ಮನೆಯವರು ಹೊರಗೆ ನಿಲ್ಲಬೇಕಾಗುತ್ತದೆ. ಅದು ಆ ಜಪಾನಿನವರಿಗೆ ಗೊತ್ತಿದ್ದೇ ಕೇಳದೆ ಹೊಡೆಸಿದರೋ ಏನೋ. ಹಾಗೆಂದು ಅವರನ್ನು ಕ್ಷಮಿಸಲೂ ಮನಸ್ಸಾಗಲಿಲ್ಲ. ಇನ್ನೊಂದಿಷ್ಟು ನಿಮಿಷ ಮಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಊರಿನ ಆಟೊದಲ್ಲಿ ಮೊಮ್ಮಗಳು ತರಚಿದ ಮೊಣಕಾಲಿನ ಮೇಲೆ ಚೀಲ ಇಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದಳು.

“ಮುಂದಿನ ವರ್ಷ ನಾನೇ ನಿಂತು ಮಾಡಸ್ತೀನವ್ವಾ. ಬರೇ ಹಾರೂದು. ಪ್ರಶ್ನಿ ಇಲ್ಲ, ಏನಿಲ್ಲ.”

“ಮುಂದಿನ ವರ್ಷ ಟೆಂತ್. ಟೆಂತಿನವ್ರಿಗೆ ನಾಟಕ ಕೊಡಂಗಿಲ್ಲ. ನೀನೇ ಮಾಡಿದ್ದಂತ ಆ ರೂಲು, ಮೇಡಮ್ ಹೇಳ್ಯಾರ.”

ಮಾಡಿದ್ದೆ. ಪರೀಕ್ಷೆಯ ದೃಷ್ಟಿಯಿಂದ ಬಹಳ ವಿವೇಕದ ನಿಯಮವೆಂದು ಆಗ ಮೆಚ್ಚುಗೆಯೂ ಬಂದಿತ್ತು.

“ಎರಡನೇ ಉತ್ತರಕ್ಕೇ ಹಾರಬೇಕಿತ್ತು ನೀ,” ಎಂದೆ.

“ಆಕಿ ಎಂದೂ ಮಾತಾಡಂಗಿಲ್ಲ ಮುತ್ಯಾ. ಮಾತಾಡ್ಲತ್ತಾಳ, ನಡುವ ಹ್ಯಾಂಗ ಹೊಡೀಲಿ?” ಚೀಲ ಸರಿಸಿ ಮೊಣಕಾಲು ನೋಡಿಕೊಂಡಳು. “ಆದ್ರ ತಪ್ಪು ನಿಂದೇ.”

ಹೌದು ಎಂದೆ. ಅವಳು ನನ್ನ ಅಂಗಿಯ ಜೇಬಿನಿಂದ ಫೋನು ತೆಗೆದು ಮೊದಲನೆಯ ಕಂತು ಹಚ್ಚಿದಳು. ಹಾಡು ಶುರುವಾಯಿತು. ನಾನು ಕನ್ನಡಕ ಹಾಕಿಕೊಂಡು ಕೊಂಚ ಬಾಗಿದೆ. ಫೋನನ್ನು ಆಚೆ ಕಡೆ ತಿರುಗಿಸಿಕೊಂಡಳು.