ನಮ್ಮತ್ತೆಯ ಕಂಪ್ಯೂಟರು, ನಾನು ಅಳಿಸಿದ ಸಾಲುಗಳು

ಮೊನ್ನೆ ಅಂಗಡಿಯ ಷಟರಿಗೆ ಹೊಸ ಬೀಗ ಬೇಕಾಯಿತು. ತಮಿಳುನಾಡಿನ ತೇನಿ ಕಡೆಯ ನಮ್ಮ ಕೊಂಬೈ ಪೇಟೆಯಲ್ಲಿ ಬೀಗ ಎಂದರೆ ದಿಂಡಿಗಲ್ಲಿನದು. ಬೇರೆ ಊರಿನದು ಕೇಳಿದರೆ ಅಂಗಡಿಯವರು ನಮ್ಮನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಕೊಟ್ಟ ಬೀಗವನ್ನು ಹಾಗೇ ಬಿಟ್ಟು, ಅದರ ರಟ್ಟಿನ ಡಬ್ಬಿಯನ್ನು ಮೂಗಿಗೆ ಹಿಡಿದೆ. ಶಾಯಿ ಮತ್ತು ಅಂಟು ಬೆರೆತ ವಾಸನೆ. “ಅಕ್ಕಾ, ಅದು ಸೋಪಲ್ಲ” ಎಂದ ಅಂಗಡಿಯವನು. ತಮಿಳಿನಲ್ಲಿ ಬೀಗಕ್ಕೆ ಪೂಟ್ಟು ಎನ್ನುತ್ತಾರೆ. ಡಬ್ಬಿಯ ಮೇಲೆ ಆ ಪದದ ಕೊನೆಯ ಅಕ್ಷರಕ್ಕೆ ಬಾಲ ಎಳೆದು, ಬೀಗದ ಕೊಂಡಿಯ ಹಾಗೆ ಬಾಗಿಸಿದ್ದರು. ಹಾಗೆ ಬಾಗಿಸುವವರು ನನಗೆ ತಿಳಿದ ಮಟ್ಟಿಗೆ ಒಬ್ಬರೇ, ನನ್ನ ತಂದೆಯ ತಂಗಿ ನಾಗಮ್ಮತ್ತೆ. ಅಷ್ಟು ಸಾಕಾಯಿತು; ನಾಲ್ಕಾರು ವರ್ಷದ ಹಿಂದಿನ ಒಂದು ಕತೆ ಅಲ್ಲೇ ಅಂಗಡಿಯ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿತು.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ, ಅದೇನು ಬಹಳ ಉದ್ದವಿಲ್ಲ. ನನ್ನದು ಲೇಬಲ್ಲಿನ ಅಂಗಡಿ. ನಮ್ಮ ಕಣಿವೆಯಿಂದ ಹೊರಡುವ ದ್ರಾಕ್ಷಿ ಪೆಟ್ಟಿಗೆಗಳ ಮೇಲೆ ಗೊಂಚಲಿನ ಚಿತ್ರ, ತೋಟದ ಹೆಸರು, ದೇವರ ಹೆಸರು ಇರುತ್ತದಲ್ಲ, ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ನನ್ನ ಕೆಲಸ. ಪ್ರತಿ ತೋಟದವರಿಗೂ ತಮ್ಮ ದ್ರಾಕ್ಷಿ ಪಕ್ಕದ ತೋಟದ್ದಕ್ಕಿಂತ ಕಪ್ಪಗೆ ಕಾಣಬೇಕು. ಕಪ್ಪಿಗಿಂತ ಕಪ್ಪು ಇಲ್ಲ ಎಂದು ಅವರಿಗೆ ಹೇಳಿ ನೋಡಿ, ನಿಮ್ಮ ಅರ್ಧ ದಿನ ಹೋಗುತ್ತದೆ.

ಈ ಕೆಲಸಕ್ಕೆ ನಾನು ಬಳಸುವುದು ಯಾರು ಬೇಕಾದರೂ ಬಳಸಬಹುದಾದ, ಯಾರು ಬೇಕಾದರೂ ಒಳಹೊಕ್ಕು ತಿದ್ದಬಹುದಾದ ಒಂದು ತಂತ್ರಾಂಶ. ಜಗತ್ತಿನ ಮೂಲೆ ಮೂಲೆಯ ಜನ ಬಿಡುವಿನಲ್ಲಿ ಕೂತು ಬರೆದದ್ದು. ಒಮ್ಮೆ ಅದರಲ್ಲಿ ತಮಿಳಿನ ಕೊಂಬು ತನ್ನ ಅಕ್ಷರವನ್ನು ಬಿಟ್ಟು ದೂರ ಹೋಗಿ ನಿಲ್ಲುತ್ತಿತ್ತು. ಬೇಸತ್ತು ದೂರು ಬರೆದೆ. ಉತ್ತರಿಸಿದವಳು ಅದನ್ನು ನೋಡಿಕೊಳ್ಳುವವರಲ್ಲಿ ಒಬ್ಬಳು, ಧಾರವಾಡದ ಶಾಂತಲಾ. ಎಲ್ಲಿ ತಿದ್ದಬೇಕೆಂದು ತೋರಿಸಿ, “ನೀವೇ ತಿದ್ದಿ” ಎಂದು ಇಂಗ್ಲಿಷಿನಲ್ಲಿ ಬರೆದಳು. ತಿದ್ದಿದೆ. ಹುಚ್ಚು ಹತ್ತಿತು.

ನಾವಿಬ್ಬರೂ ಬಹಳ ದಿನ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆವು. ಒಂದು ದಿನ ಫೋನಿನಲ್ಲಿರುವಾಗ ನನ್ನ ಮಗಳು ದೋಸೆ ಹಿಟ್ಟಿನ ಪಾತ್ರೆಗೆ ಕೈ ಹಾಕಿದಳು. “ಏ, ಅದ ಮುಟ್ಟಬ್ಯಾಡ, ಕೈಯ ತೊಳೆ!” ಎಂದು ಕೂಗಿದೆ. “ನೀವ್ ಕನ್ನಡದವರೇನ್ರಿ?” ಎಂದಳು ಶಾಂತಲಾ. ನಾವು ಕನ್ನಡ ಮಾತಾಡುವ ಒಕ್ಕಲು ಮನೆಯವರು, ಎಷ್ಟೋ ತಲೆಮಾರಿನ ಹಿಂದೆ ಈ ಕಣಿವೆಗೆ ಬಂದು ಬೇರೂರಿದವರು, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎಂದೆಲ್ಲ ವಿವರಿಸಿದೆ. ಕನ್ನಡ ಲಿಪಿ ಮಾತ್ರ ನನಗೆ ಬರುತ್ತಿರಲಿಲ್ಲ. ಅದನ್ನೂ ಕಲಿಸಿದವಳು ಅವಳೇ. ಈ ಬರಹದಲ್ಲಿ ಕಾಗುಣಿತ ನೆಟ್ಟಗಿದ್ದರೆ ಪುಣ್ಯ ಶಾಂತಲಾಳದು, ಸೊಟ್ಟಗಿದ್ದರೆ ಅವಳು ಇದನ್ನು ಓದಿಲ್ಲ ಎಂದು ತಿಳಿಯಿರಿ.

ಇಷ್ಟಾದ ಮೇಲೆ ಬಳಗದವರು ನನಗೆ ಒಂದು ದೊಡ್ಡ ಕೆಲಸ ಒಪ್ಪಿಸಿದರು: ತಂತ್ರಾಂಶದ ಒಳಗೆ ಕಸ ಗುಡಿಸುವುದು. ಹಳೆಯ ಕಾಲದಲ್ಲಿ ಒಂದು ಬಗೆಯ ಕಂಪ್ಯೂಟರು ಇತ್ತು. ಅದಕ್ಕೆ ಉಳಿದವುಗಳ ಹಾಗೆ ಹೇಳಿದರೆ ಅರ್ಥವಾಗುತ್ತಿರಲಿಲ್ಲ. ಹಾಗಾಗಿ, “ಈ ಯಂತ್ರವಾದರೆ ಹೀಗೆ ಮಾಡು, ಇಲ್ಲವಾದರೆ ಹಾಗೆ ಮಾಡು” ಎಂದು ಹೆಜ್ಜೆ ಹೆಜ್ಜೆಗೂ ಬರೆದಿಟ್ಟಿದ್ದರು. ಆ ಯಂತ್ರಗಳನ್ನು ಮಾಡುವುದು ಯಾವತ್ತೋ ನಿಂತಿತ್ತು. ಸಾಲುಗಳು ಮಾತ್ರ ಉಳಿದಿದ್ದವು. ಹೊಸದೇನಾದರೂ ಸೇರಿಸಲು ಹೋದವರು ಮೊದಲು ಆ ಸಾಲುಗಳಿಗೆ ಎಡವುತ್ತಿದ್ದರು.

ಇಂಥವನ್ನು ತೆಗೆಯುವ ಮೊದಲು ಎಲ್ಲರನ್ನೂ ಕೇಳಬೇಕೆಂಬ ಪದ್ಧತಿ ನಮ್ಮಲ್ಲಿದೆ. “ಈ ಯಂತ್ರವನ್ನು ಇನ್ನೂ ಯಾರಾದರೂ ಬಳಸುತ್ತೀರಾ?” ಎಂದು ಜಗತ್ತಿಗೆಲ್ಲ ಕೇಳುವಂತೆ ಬರೆದೆ. ಕಾದೆ. ಯಾರೂ ಉಸಿರೆತ್ತಲಿಲ್ಲ. ಸರಿ, ಸೆರಗು ಸಿಕ್ಕಿಸಿ ಶುರುಮಾಡಿದೆ. ಅಳಿಸುವುದರಲ್ಲಿ ಎಂಥ ಸುಖವಿದೆ ಎಂದು ಅಟ್ಟ ಖಾಲಿ ಮಾಡಿದವರಿಗೆ ಗೊತ್ತು. ಸಾಲುಗಳು, ಪುಟಗಳು, ಕೊನೆಗೆ ಕಡತಗಳ ಒಂದು ಇಡೀ ಗಂಟು. ಎಲ್ಲವನ್ನೂ ತೆಗೆದು ಶಾಂತಲಾಳಿಗೆ ಕಳಿಸಿದೆ. ಒಬ್ಬರು ಬದಲಿಸಿದ್ದನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಮೂಲಕ್ಕೆ ಸೇರುವುದು. ಅವಳಿಗೆ ಓದಲು ಬಿಡುವು ಬೇಕಿತ್ತು. ಆ ಬಿಡುವಿನಲ್ಲಿ ನಾನು ಮಗಳ ಕಿವಿ ಚುಚ್ಚುವ ಕಾರ್ಯಕ್ಕೆ ಅತ್ತೆಯನ್ನು ಕರೆಯಲು ದಿಂಡಿಗಲ್ಲಿಗೆ ಹೊರಟೆ. ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡೆ. ತಾಂಬೂಲದ ತಟ್ಟೆ ಒಯ್ಯುವವರು ಅದನ್ನೇಕೆ ಒಯ್ಯುತ್ತಾರೆ ಎಂದು ಕೇಳಬೇಡಿ. ಹುಚ್ಚು ಎಂದು ಆಗಲೇ ಹೇಳಿದೆನಲ್ಲ.

ತೇನಿಯಲ್ಲಿ ಬಸ್ಸು ಬದಲಿಸಿ, ವತ್ತಲಗುಂಡಿನಲ್ಲಿ ಕೊಡೈಕಾನಲ್‌ಗೆ ಹೋಗುವವರೆಲ್ಲ ಇಳಿದ ಮೇಲೆ ಕಾಲು ಚಾಚಿ ಕೂತು, ಮಧ್ಯಾಹ್ನಕ್ಕೆ ದಿಂಡಿಗಲ್ ಮುಟ್ಟಿದೆ. ಅತ್ತೆಯ ಮನೆಯ ಮುಂಭಾಗವೇ ಪ್ರೆಸ್ಸು. ಸುತ್ತ ಬೀಗ ಮಾಡುವ ಪಟ್ಟಡೆಗಳು. ಅರದ ಸದ್ದು ದಿನವಿಡೀ. ಬೀಗದ ಡಬ್ಬಿಗಳನ್ನು ಮುದ್ರಿಸುವುದು ಅತ್ತೆಯ ಗಂಡ, ನಮ್ಮ ಮಾಮನ ಕೆಲಸ, ಅಕ್ಷರ ಚಿತ್ರ ಜೋಡಿಸುವುದು ಅತ್ತೆಯ ಕೆಲಸ. ಅವರು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಯಾವ ಕಂಪ್ಯೂಟರು ಎಂದು ಯಾವತ್ತೂ ನೋಡಿರಲಿಲ್ಲ. ಹಬ್ಬಕ್ಕೆ ಹೋದವರು ನೇರ ಅಡುಗೆಮನೆಗೆ ನುಗ್ಗುತ್ತೇವಲ್ಲ.

“ಬಾ ಕಣ್ಣೂ, ಉಂಡ್ಯಾ?” ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. ಆ ಪರದೆ ಒಂದು ದೊಡ್ಡ ಕುಂಬಳಕಾಯಿಯಷ್ಟು ದಪ್ಪ. ಪಕ್ಕದ ಪೆಟ್ಟಿಗೆ ಗುರ್ರೆಂದು ಸದ್ದು ಮಾಡಿತು. ಅತ್ತೆ ಅದರ ಪಕ್ಕೆಗೆ ಅಂಗೈಯಿಂದ ಒಂದು ಬಿಟ್ಟರು, ಸದ್ದು ನಿಂತಿತು. ನಾನು ಬಗ್ಗಿ ನೋಡಿದೆ. ಅದೇ ಯಂತ್ರ. ಅದರೊಳಗೆ ನಮ್ಮದೇ ತಂತ್ರಾಂಶದ ಪುರಾತನ ಅವತಾರ. ಜಗತ್ತಿನಲ್ಲಿ ಯಾರೂ ಬಳಸುತ್ತಿಲ್ಲ ಎಂದುಕೊಂಡದ್ದನ್ನು ನನ್ನ ಸ್ವಂತ ಅತ್ತೆ, ನಾನು ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿ, ಎಲೆ ಅಡಿಕೆ ಹಾಕಿಕೊಂಡು ನಡೆಸುತ್ತಿದ್ದರು.

“ಅತ್ತೆ, ಇದ ನಾ ಈಗ ತಾನೇ ಅಳಿಸಿ ಬಂದೆ!” ಎಂದೆ.

“ಯಾಕೆ? ಅದು ನಿನಗೇನ್ ಮಾಡ್ತು?”

ಮುದ್ರಣ ಯಂತ್ರದ ಹಿಂದಿನಿಂದ ಮಾಮ ನಕ್ಕದ್ದು ಕೇಳಿಸಿತು.

ಮೂಲೆಯಲ್ಲಿ ಹೊಸ ಕಂಪ್ಯೂಟರೊಂದು ಹಳೆಯ ಸೀರೆ ಹೊದ್ದು ಕೂತಿತ್ತು, ಮಗ ಕೊಡಿಸಿದ್ದು. ಅತ್ತೆ ಅದನ್ನು ಮುಟ್ಟಿರಲಿಲ್ಲ. ಬೀದಿಯ ಅಷ್ಟೂ ಬೀಗದವರ ಲೇಬಲ್ಲುಗಳು ಹಳೆಯದರಲ್ಲಿದ್ದವು. ಅವೆಲ್ಲ ಅತ್ತೆ ವರ್ಷಗಟ್ಟಲೆ ಕೂತು ಎಳೆದ, ಬಾಗಿಸಿದ ಅಕ್ಷರಗಳು. ಆ ಹಳೆಯ ಯಂತ್ರವೋ, ಈಗೀಗ ದಿನಕ್ಕೊಂದು ಸಲ ತಾನೇ ಆರಿಹೋಗುತ್ತಿತ್ತು. “ಇದು ಹೋದ್ರೆ ನಾ ಮಾಡಿದ್ದೆಲ್ಲಾ ಹೋತು ಪಾಪಾ” ಎಂದರು ಅತ್ತೆ. ಅಷ್ಟು ಹೊತ್ತಿನಲ್ಲಿ ಅವರು ನಗದೆ ಆಡಿದ ಮಾತು ಅದೊಂದೇ.

“ಇದಕ್ಕೆ ಯಾಕ್ ಹೆದರ್ತೀಯೆ? ನಮ್ಮದು ಹಳೇದೆಲ್ಲಾ ಓದ್ತದೆ” ಎಂದು ಜಂಬದಿಂದ ಹೇಳಿ, ಒಂದು ಲೇಬಲ್ಲನ್ನು ಸಿಡಿಗೆ ಇಳಿಸಿದೆ. ನನ್ನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇರಲಿಲ್ಲ. ಎದುರಿನ ಫೋಟೋ ಸ್ಟುಡಿಯೋದಿಂದ ಅದಕ್ಕೊಂದು ಪೆಟ್ಟಿಗೆ ಕಡ ತಂದದ್ದಾಯಿತು. ನಾನು ಅಳಿಸಿ ತಿದ್ದಿದ ಆವೃತ್ತಿಯಲ್ಲಿ ಕಡತ ತೆರೆಯಿತು. ಬೀಗದ ಚಿತ್ರ ಬಂತು, ಬಣ್ಣ ಬಂತು, ಅಕ್ಷರವಿರಬೇಕಾದಲ್ಲಿ ಸಾಲಾಗಿ ಖಾಲಿ ಚೌಕಗಳು ಬಂದವು.

ಅತ್ತೆ ಕನ್ನಡಕ ಏರಿಸಿ ನೋಡಿದರು. “ಎಲ್ಲಾ ಕಟ್ಟಂ ಕಟ್ಟಮಾ ಅದೆ. ನನ್ನ ಎಳುತ್ತೆಲ್ಲಾ ಎಲ್ಲಿ?” ಕಟ್ಟಂ ಎಂದರೆ ಚೌಕ, ಎಳುತ್ತು ಎಂದರೆ ಅಕ್ಷರ. ತಂತ್ರಾಂಶದ ಹಿಂದಿನ ಆವೃತ್ತಿಯೂ ಲ್ಯಾಪ್‌ಟಾಪಿನಲ್ಲಿತ್ತು. ಅದರಲ್ಲಿ ತೆರೆದೆ. ಅಕ್ಷರಗಳು ಒಂದೂ ತಪ್ಪದೆ ಬಂದು ನಿಂತವು. ಆಗ ವಿಷಯ ತಿಳಿಯಿತು. ಆ ಹಳೆಯ ಯಂತ್ರ ತಮಿಳು ಅಕ್ಷರಗಳನ್ನು ತನ್ನದೇ ರೀತಿಯಲ್ಲಿ ಎಣಿಸಿಡುತ್ತಿತ್ತು. ಅದನ್ನು ಇಂದಿನ ರೀತಿಗೆ ತಿರುಗಿಸುವ ಭಾಗವನ್ನೂ ಯಾರೋ ಅದೇ ಗಂಟಿನಲ್ಲಿ ಇಟ್ಟಿದ್ದರು. ನಾನು ಗಂಟನ್ನೇ ಎತ್ತಿ ಹಾಕಿದ್ದೆ. ಯಂತ್ರವನ್ನು ಬಳಸುತ್ತೀರಾ ಎಂದು ಜಗತ್ತನ್ನು ಕೇಳಿದ್ದೆ. ಆ ಯಂತ್ರದಲ್ಲಿ ಮಾಡಿದ್ದನ್ನು ಯಾರಾದರೂ ಇಟ್ಟುಕೊಂಡಿದ್ದೀರಾ ಎಂದು ಕೇಳಬೇಕೆನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಅಲ್ಲಿಂದಲೇ ಶಾಂತಲಾಳಿಗೆ ಫೋನ್ ಮಾಡಿದೆ. “ಒಪ್ಪಿಗೆ ಕೊಟ್ಟುಬಿಟ್ರಾ?”

“ಇನ್ನೂ ಓದಾಕತ್ತೀನ್ರಿ. ಯಾಕ, ಏನಾತು?”

ಅತ್ತೆ ಫೋನ್ ಕಸಿದುಕೊಂಡರು. “ನೀನಾ ತಾಯೀ ಅಲ್ಲಿ ಮೇಲಿನವಳು? ಇವಳು ನನ್ನ ಎಳುತ್ತ ತೆಗೆದು ಬಿಸಾಕವಳೆ. ತಿರುಗಾ ಇಕ್ಕಕ್ಕೆ ಹೇಳು.”

“ನಮಸ್ಕಾರ್ರೀ ಅತ್ತಿ! ಹಂಗಂದ್ರ ನೀವ ಏನ್ರಿ ಆ ಮಶೀನ್ ಇಟ್ಕೊಂಡವ್ರು? ನಿಮ್ಮನ್ನ ಎಲ್ಲೆಲ್ಲೋ ಹುಡುಕಿದ್ವಿರೀ!”

ಅತ್ತೆ ಫೋನಿಗೆ ಕೈ ಮುಚ್ಚಿ ನನ್ನ ಕಡೆ ತಿರುಗಿದರು. “ಯಾವೂರ ಕನ್ನಡ ಇದು? ಎಲ್ಲದಕ್ಕೂ ರೀ ರೀ ಅಂತಾಳೆ. ಒಳ್ಳೇ ಹೆಣ್ಣು.” ಆಮೇಲೆ ಇಬ್ಬರೂ ಮಾತಿಗೆ ಬಿದ್ದರು. ಒಬ್ಬರದು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಇಬ್ಬರೂ ಧಾರಾಳವಾಗಿ ಊಹಿಸಿಕೊಂಡರು.

ಮುಂದಿನ ಕೆಲವು ವಾರ ನಾನು ಅಳಿಸಿದ್ದನ್ನು ಮತ್ತೆ ಹರವಿ, ಆರಿಸಿದೆ. ಯಂತ್ರವನ್ನು ನಡೆಸುವ ಸಾಲುಗಳೆಲ್ಲ ಹೊರಗೆ. ಅದರ ಬರಹವನ್ನು ಓದುವ ಸಾಲುಗಳು ಒಳಗೆ, ಬೇರೆಯೇ ಜಾಗದಲ್ಲಿ, ಇದು ಯಾಕಿದೆ ಎಂದು ಮೇಲೆ ಬರೆದಿಟ್ಟು. ಪರೀಕ್ಷೆಗೆ ಅತ್ತೆಯ ಲೇಬಲ್ಲುಗಳೇ ಆದವು. ಒಮ್ಮೆ ಬೀಗಗಳೆಲ್ಲ ತಲೆಕೆಳಗಾಗಿ ಬಂದವು. ಅತ್ತೆ ಅದರ ಚಿತ್ರವನ್ನು ಫೋನಿನಲ್ಲಿ ನೋಡಿ, “ಇದರ ಒಳಗೆ ಬೀಗಕ್ಕೂ ತಲೆ ಸುತ್ತುತದೆ” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಿವಿ ಚುಚ್ಚುವ ದಿನ ಕೊಂಬೈಗೆ ಬಂದವರು ಮೊದಲು ಮಗುವನ್ನು ಎತ್ತಿಕೊಳ್ಳದೆ, “ಬಂತಾ?” ಎಂದು ಕೇಳಿದರು. ತೋರಿಸಿದೆ. ಹಳೆಯ ಯಂತ್ರದಿಂದ ತಂದಿದ್ದ ಲೇಬಲ್ಲುಗಳನ್ನು ಒಂದೊಂದಾಗಿ, ಆಯಾ ಬೀಗದವನ ಹೆಸರನ್ನೂ ಅವನ ಮನೆಯ ಸಮಾಚಾರವನ್ನೂ ಹೇಳುತ್ತ ನೋಡಿದರು. ಕೊನೆಯದು ತೆರೆದು ಮುಚ್ಚಿದ ಮೇಲೆ, “ಇನ್ನ ಅಳಿಸ್ಕೋ ಹೋಗು” ಎಂದರು. ಊರಿಗೆ ಮರಳಿದ ದಿನವೇ ಹೊಸ ಕಂಪ್ಯೂಟರಿನ ಮೇಲಿನ ಸೀರೆ ತೆಗೆದರಂತೆ. ಹಳೆಯದು ಮತ್ತೆ ಕೆಲವು ತಿಂಗಳಿಗೆ ಆರಿತು. ಈ ಸಲ ಪಕ್ಕೆಗೆ ಬಿಟ್ಟರೂ ಏಳಲಿಲ್ಲ. ಅತ್ತೆ ಫೋನಿನಲ್ಲಿ ಅದನ್ನು ನಡುವೆ ಒಂದು ಮಾತಿನಲ್ಲಿ ಹೇಳಿ, ಮಾವಿನಕಾಯಿ ಉಪ್ಪಿನಕಾಯಿಯ ವಿಷಯಕ್ಕೆ ಹೋದರು.

ಈ ವಾರ ನಮ್ಮ ತಂತ್ರಾಂಶದ ದೂರುಗಳ ಪುಟದಲ್ಲಿ ಒಂದು ವಿಚಿತ್ರ ದೂರು ಬಂದಿದೆ. ತಮಿಳು ಲಿಪಿಯಲ್ಲಿದ್ದರೂ ತಮಿಳು ಬಲ್ಲವರಿಗೆ ಅರ್ಥವಾಗಲಿಲ್ಲ. ಶಾಂತಲಾಳಿಗೆ ಲಿಪಿಯೇ ಬಾರದು. ನಾನು ಓದಿದೆ; ಲಿಪಿ ತಮಿಳು, ಮಾತು ನಮ್ಮ ಮನೆಯ ಕನ್ನಡ. “ಬಣ್ಣದ ಗುಂಡಿಯ ಯಾರು ಜರುಗಿಸಿದ್ದು? ಇದ್ದ ಎಡೆಗೆ ತಿರುಗಾ ಇಕ್ಕು.” ಕೆಳಗೆ ನಾಗಮ್ಮ, ದಿಂಡಿಗಲ್.

ಆ ಗುಂಡಿಯನ್ನು ಜರುಗಿಸಿದವನು ಯಾವುದೋ ಚಳಿಯ ದೇಶದ ಹುಡುಗ. ಎಷ್ಟು ಜನಕ್ಕೆ ಈ ತೊಂದರೆ ಎಂದು ಕೇಳಿದ. ಒಬ್ಬರಿಗೆ ಎಂದು ಬರೆದೆ. ಹಿಂದಾಗಿದ್ದರೆ ನಾನೇ ಆ ದೂರನ್ನು ಮುಚ್ಚಿ ಮುಂದೆ ಹೋಗುತ್ತಿದ್ದೆ. ಈಗ ಅತ್ತೆ ಯಾರು, ಬೆಳಿಗ್ಗೆಯಿಂದ ಸಂಜೆಯವರೆಗೆ ಎಷ್ಟು ಸಲ ಬಣ್ಣ ಬದಲಿಸುತ್ತಾರೆ, ಬೀಗದವರು ಹೇಗೆ ತಲೆ ತಿನ್ನುತ್ತಾರೆ ಎಂದು ಉದ್ದಕ್ಕೆ ಬರೆದು ಕಳಿಸಿದೆ. ಹುಡುಗ ಓದಿದ. ಇವತ್ತು ಬೆಳಿಗ್ಗೆ ಗುಂಡಿ ಇದ್ದ ಜಾಗಕ್ಕೆ ಬಂದಿದೆ.

ತಡೆಯಲಾರದೆ ಅತ್ತೆಗೆ ಫೋನ್ ಮಾಡಿದೆ. “ಅತ್ತೆ, ಸರಿಯಾತು ನೋಡು.”

“ಸರಿ” ಎಂದರು ಅತ್ತೆ. “ಇನ್ನೊಂದ್ ಅದೆ, ಕೇಳು.”

ಕುರ್ಚಿ ಎಳೆದುಕೊಂಡು ಕೂತೆ.