ಮುಖ ತುಂಬಿಕೊಂಡಿದೆ

ಹನ್ನೆರಡು ಫೋಟೋ. ಹನ್ನೆರಡರಲ್ಲೂ ಹೆಣ್ಣಿನ ಮುಖದ ಮೇಲೆ ಹೊಡೆತದ ಗುರುತು ಇರಬೇಕಿತ್ತು. ಕವರು ಬಿಚ್ಚಿ ನೋಡಿದರೆ ಒಂದರಲ್ಲೂ ಇಲ್ಲ. ಎಲ್ಲರ ಕೆನ್ನೆಯೂ ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗೆ.

ಹಿಂದಿನದನ್ನು ಹೇಳಿಬಿಡುತ್ತೇನೆ. ಬೈಲಹೊಂಗಲದ ನಮ್ಮ ಕೆಲವು ಗೆಳತಿಯರು ಸೇರಿ ಬೆಂಗಳೂರಿನಿಂದ ಒಬ್ಬ ಫ್ಯಾಶನ್ ಫೋಟೋಗ್ರಾಫರನ್ನು ಕರೆಸಿದ್ದರು. ಹೆಂಗಸರ ಮೇಲಿನ ಹೊಡೆತ ಬಡಿತದ ಬಗ್ಗೆ ಭಾಷಣ ಮಾಡಿದರೆ ಜನ ಎದ್ದುಹೋಗುತ್ತಾರೆ. ಚೆಂದದ ಫೋಟೋ ಆದರೆ ನಿಂತು ನೋಡುತ್ತಾರೆ. ನೋಡುತ್ತ ನೋಡುತ್ತ ಗಾಯ ಕಾಣಬೇಕು. ಇದು ಐಡಿಯಾ.

ಚಚಡಿ ಊರಿನ ಹಳೆಯ ವಾಡೆಯ ಕಟ್ಟೆಯ ಮೇಲೆ ಮಾಡೆಲ್‌ಗಳು ಇಳಕಲ್ ಸೀರೆಯುಟ್ಟು, ಮ್ಯಾಗಜಿನ್ ಕವರಿಗೆ ನಿಂತಂತೆ ನಿಂತರು. ಕಣ್ಣ ಕೆಳಗೆ ನೇರಳೆ, ತುಟಿಯಂಚಿಗೆ ಕೆಂಪು. ಎಲ್ಲ ಮೇಕಪ್. (ನೋವನ್ನು ಇಷ್ಟು ಚೆಂದ ಮಾಡಬಹುದೇ ಎಂದು ನನಗೆ ಕಸಿವಿಸಿ. ಆದರೂ ಬಾಯಿ ಮುಚ್ಚಿಕೊಂಡಿದ್ದೆ.) ಪ್ರತಿ ಫೋಟೋದ ಕೆಳಗೆ ಒಂದೊಂದು ಸಾಲು ಬರೆಯುವ ಕೆಲಸ ನನ್ನದು.

ಪ್ರಿಂಟಿಗೆ ಸಿ.ಡಿ. ಕೊಟ್ಟದ್ದು ಸವದತ್ತಿಯ ಮಲ್ಲೇಶಪ್ಪನಿಗೆ. ಹಳೆಯ ಸ್ಟುಡಿಯೋ. ಗುಡ್ಡಕ್ಕೆ ಹೋಗಿ ಎಲ್ಲಮ್ಮನ ದರ್ಶನ ಮಾಡಿ ಬಂದವರು ಅಲ್ಲೊಂದು ಫೋಟೋ ಹೊಡೆಸಿಕೊಂಡೇ ಬಸ್ಸು ಹತ್ತುವುದು.

"ಏನ್ರಿ ಮಲ್ಲೇಶಪ್ಪ, ಗಾಯ ಎಲ್ಲಿ ಹೋದುವು?"

"ತಗದೇನಲ್ರಿ ಸರ!" ಹೆಮ್ಮೆಯಿಂದ ಅಂದ. "ಬೆಂಗಳೂರ ಕ್ಯಾಮೆರಾ ಅಂತೀರಿ, ಹುಡಿಗ್ಯಾರ ಮಾರಿ ಮ್ಯಾಲ ಎಷ್ಟ ಕಲಿ! ಎರಡ ದಿನ ಕಂಪ್ಯೂಟರ್ ಮುಂದ ಕುಂತ ಒರಿಸೇನಿ."

"ಅವನ್ನ ಬೇಕಂತಲೇ ಬಳದಿದ್ರು."

"ಬೇಕಂತ?" ಹುಚ್ಚನನ್ನು ನೋಡುವಂತೆ ನನ್ನನ್ನು ನೋಡಿದ. "ಬಡಸ್ಕೊಂಡ ಮಾರಿ ಯಾರರ ಗ್ವಾಡಿಗೆ ಹಾಕ್ತಾರೇನ್ರಿ? ನನ್ನ ಕಡೆ ಅಂಥಾ ಮಾರಿ ತಗೊಂಡ ಎಷ್ಟ ಹೆಣ್ಮಕ್ಕಳು ಬಂದಾರ. ತವರಮನಿಗೆ ಹೋಗೋ ಫೋಟೋ. ತಾಯಿ ನೋಡಿ ಅಳಬಾರದಲ್ರಿ? ಮೊದಲೆಲ್ಲಾ ನೆಗೆಟಿವ್ ಮ್ಯಾಲ ಪೆನ್ಸಿಲ್ ಆಡಸ್ತಿದ್ದೆ. ಯಾರೂ ಹೇಳೋದು ಬ್ಯಾಡ, ನನಗ ಗೊತ್ತಾಕ್ಕಿತ್ತು."

ಅವನು ಕ್ರೂರಿಯೇ? ಅಲ್ಲ. ಕರುಣೆಯಿಂದಲೇ ಅಳಿಸಿದ್ದಾನೆ. ನಾವೆಲ್ಲ ಬೇರೇನು ಮಾಡುತ್ತೇವೆ? ಪಕ್ಕದ ಮನೆಯಾಕೆ ಬಚ್ಚಲಲ್ಲಿ ಜಾರಿಬಿದ್ದೆ ಎನ್ನುತ್ತಾಳೆ. ತಿಂಗಳಿಗೆ ಎರಡು ಸಲ ಜಾರುತ್ತಾಳೆ. ಹುಷಾರು ತಾಯಿ ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತೇವೆ.

ತವರುಮನೆಗೆ ಹೋಗುವ ಫೋಟೋ. ನಮ್ಮ ಪಡಸಾಲೆಯಲ್ಲೂ ಒಂದಿದೆ. ಗಿರಿಜಕ್ಕನದು. ಕಟಕೋಳಕ್ಕೆ ಮದುವೆಯಾಗಿ ಹೋದ ಎರಡನೇ ವರ್ಷ, ತೊಂಬತ್ತರ ಶುರುವಿನಲ್ಲಿ, ಟಪಾಲಿನಲ್ಲಿ ಬಂದದ್ದು. ಕಾಗದವಿಲ್ಲ, ಬರೀ ಫೋಟೋ. ಹಿಂದೆ ಮಲ್ಲೇಶಪ್ಪನ ಸ್ಟುಡಿಯೋದ ಮುದ್ರೆ, ಒಂದು ನಂಬರು. "ಮಾರಿ ತುಂಬಕೊಂಡೈತಿ ನೋಡ, ಉಣ್ಣಾಕ ಚಲೋ ಹಾಕ್ತಾರ" ಎಂದು ಅವ್ವ ಅದನ್ನು ಕಣ್ಣಿಗೊತ್ತಿಕೊಂಡಿದ್ದಳು. ಅಪ್ಪ ಅದನ್ನೇ ಬರೆದು ಇನ್‌ಲ್ಯಾಂಡ್ ಹಾಕಿದ್ದ. ಹಾಗೆಂದು ನನ್ನ ನೆನಪು. (ನನ್ನ ನೆನಪಿಗೊಂದು ಚಟವಿದೆ. ಎಂಥ ಸಂಗತಿಯಲ್ಲೂ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿರುತ್ತದೆ.)

ಮರುದಿನ ಆ ಫೋಟೋ ಹಿಡಿದುಕೊಂಡು ಮತ್ತೆ ಸವದತ್ತಿಗೆ ಹೋದೆ. ಮಲ್ಲೇಶಪ್ಪ ಹಳೆಯದನ್ನು ಎಸೆದವನಲ್ಲ. ವರ್ಷಕ್ಕೊಂದು ಬಿಸ್ಕಿಟ್ ಡಬ್ಬಿ. ಹಿಂದಿನ ನಂಬರು ನೋಡಿ ನೆಗೆಟಿವ್ ತೆಗೆದುಕೊಟ್ಟ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಎಡಗಣ್ಣ ಕೆಳಗೆ, ತುಟಿಯ ಪಕ್ಕ, ದವಡೆಯುದ್ದಕ್ಕೂ ಕೂದಲೆಳೆಯಂಥ ಪೆನ್ಸಿಲ್ ಗೆರೆಗಳು ಮಿನುಗಿದವು. ಎಂಥ ಶ್ರದ್ಧೆಯ ಕೆಲಸ!

ಅಲ್ಲಿಂದಲೇ ಕಟಕೋಳದ ಬಸ್ಸು ಹತ್ತಿದೆ. ಅಕ್ಕ ಅದೇ ಮನೆಯಲ್ಲಿದ್ದಾಳೆ, ಅದೇ ಗಂಡನ ಜೊತೆ.

"ಸಣ್ಣ ದನಿಲೆ ಮಾತಾಡೋ, ಒಳಗ ಮಲಗ್ಯಾರ," ಎಂದಳು.

ನೆಗೆಟಿವ್ ಕೊಟ್ಟು ಪೆನ್ಸಿಲ್ಲಿನ ಕಥೆ ಹೇಳಿದೆ. ಬಹಳ ಹೊತ್ತು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಹೆಂಗ ಅದೇನಿ ಹಂಗ ತಗೀರಿ ಅಂತ ಅವಗ ಎರಡ ಸಲ ಹೇಳಿದ್ನೋ ತಮ್ಮಾ. ನಾ ಬರದ ಕಾಗದ ಮಾವ ಓದೇ ಟಪಾಲಿಗೆ ಹಾಕತಿದ್ರು. ಅದಕ್ಕ ಗುಡ್ಡಕ್ಕ ಬಂದ ದಿನ ಇವರು ಚಾ ಕುಡ್ಯಾಕ ಹೋದಾಗ ಸ್ಟುಡಿಯೋ ಹೊಕ್ಕೆ. ನೀವ ಕಳಸ್ರಿ ಅಂತ ಅವಗ ನಿಮ್ಮ ಅಡ್ರೆಸ್ ಕೊಟ್ಟೆ. ನೋಡಿದ್ರ ಕರಕೊಂಡ ಹೋಗಾಕ ಬರತೀರಿ ಅನಕೊಂಡಿದ್ದೆ."

ಫೋಟೋ ಅವಳ ಕಾಗದವಾಗಿತ್ತು.

"ನಮಗ ಕಾಣಲಿಲ್ಲಕ್ಕಾ. ಆತ ಕರಿ ಕಲಿ ಎಲ್ಲಾ ತಗದ್ ಬಿಟ್ಟಿದ್ದ."

"ಕರಿ ತಗದ. ಬಾವು?"

ಇಷ್ಟು ವರ್ಷ ನಾವು ಗೋಡೆಗೆ ಹಾಕಿಕೊಂಡು ಮೆಚ್ಚಿದ್ದು ಒಂದು ಬಾವನ್ನು.

ಅಕ್ಕ ಟ್ರಂಕಿನಿಂದ ನೀಲಿ ಇನ್‌ಲ್ಯಾಂಡ್ ತಂದಳು. "ನಿಮ್ಮ ಉತ್ತರ. ಮಾವ ಎಲ್ಲಾರ ಮುಂದ ಓದಿ ನಕ್ಕಿದ್ರು. ಅವತ್ತಿಂದ ಇವರಿಗೆ ಅಂಜಿಕಿ ಹೋತು."

'ಫೋಟೋ ಮುಟ್ಟಿತು. ಮುಖ ತುಂಬಿಕೊಂಡಿದೆ. ನೋಡಿ ಎಲ್ಲರಿಗೂ ಸಂತೋಷವಾಯಿತು.'

ಅಕ್ಷರ ಅಪ್ಪನದಲ್ಲ. ಎಡಕ್ಕೆ ವಾಲಿದ ಆ ಬರಹ ಇವತ್ತಿಗೂ ಹಾಗೆಯೇ ಇದೆ. ನಾನು ಕೈಯಲ್ಲಿ ಬರೆದು ಕಳಿಸುವ ಈ ಅಂಕಣವನ್ನು ಅಚ್ಚಿಗೆ ಕೂಡಿಸುವವರಿಗೆ ಅದು ಚೆನ್ನಾಗಿ ಗೊತ್ತು.

"ಈಗರ ಬಾ ಅಕ್ಕಾ," ಎಂದೆ. "ಬೈಲಹೊಂಗಲಕ್ಕ ಇನ್ನೂ ಬಸ್ಸದಾವ."

ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ನೆಗೆಟಿವ್ ನನ್ನ ಅಂಗೈಯಲ್ಲಿಟ್ಟಳು.

"ಇದರಾಗ ಇರಾಕಿ ಬರತಿದ್ಲು."

ಆ ಹನ್ನೆರಡು ಫೋಟೋಗಳಿಗೆ ನಾನಿನ್ನೂ ಒಂದು ಸಾಲೂ ಬರೆದಿಲ್ಲ. ಹದಿಮೂರನೆಯದಕ್ಕೆ ಯಾವತ್ತೋ ಬರೆದು ಕಳಿಸಿಯಾಗಿತ್ತು.